ಒಂಬತ್ತಿಂಚು ಗೋಡೆ

ಮಾಲೂರಿನ ಹತ್ತಿರ ನಮ್ಮ ತಾತ ಕಟ್ಟಿಸಿದ ಮನೆ ಇದೆ. ಅದರ ಹಿತ್ತಿಲ ಕಡೆ ಗೋಡೆಯ ಗಾರೆ ಉದುರಿ ಎಷ್ಟು ವರ್ಷವಾಯಿತೋ ಗೊತ್ತಿಲ್ಲ, ನನಗೆ ಬುದ್ಧಿ ಬಂದಾಗಿನಿಂದ ಅದು ಹಾಗೇ ಇದೆ. ಇಟ್ಟಿಗೆ ಪೂರ್ತಿ ಹೊರಗೆ ಕಾಣುತ್ತದೆ. ಬಚ್ಚಲ ನೀರು ತಾಗುವ ಕಡೆ ಪಾಚಿ, ಅದರ ಮೇಲೆ ಒಂದು ಮೊಣಕಾಲೆತ್ತರ ಬೆಳ್ಳಗೆ ಉಪ್ಪು ಬಿಟ್ಟಿದೆ, ಇನ್ನೂ ಮೇಲೆ ಸೂರಿನ ಕೆಳಗೆ ನೀರೊಲೆಯ ಹೊಗೆ ಹಿಡಿದ ಕಪ್ಪು. ಹೋದ ವರ್ಷ ದೀಪಾವಳಿಗೆ ಹೋಗಿದ್ದಾಗ ಚಿಕ್ಕಪ್ಪ ಹೇಳಿದರು, "ಯುಗಾದಿ ಹೊತ್ತಿಗೆ ಇದಕ್ಕೆ ಸಿಮೆಂಟ್ ಹೊಡೆಸಿಬಿಡ್ತೀನಿ ಕಣೋ, ನೋಡೋಕಾಗಲ್ಲ."

ಬೇಡ ಅನ್ನೋಣ ಅಂದುಕೊಂಡೆ, ಅನ್ನಲಿಲ್ಲ. ವರ್ಷಕ್ಕೆ ಎರಡು ಸಲ ಬಂದು ಒಬ್ಬಟ್ಟು ತಿಂದು ಹೋಗುವವನಿಗೆ ಹಳೇ ಗೋಡೆ ಚೆಂದವೇ. ಮಳೆಗಾಲದಲ್ಲಿ ಅದೇ ಗೋಡೆಯ ಒಳಬದಿಗೆ ಮಂಚ ಹಾಕಿಕೊಂಡು ಮಲಗೋರು ಅವರು. ಸುಮ್ನೆ ಫೋನ್ ತೆಗೆದು ನಲವತ್ತು ಫೋಟೊ ಹೊಡೆದೆ. ಬುಡದಲ್ಲಿ ಬಿದ್ದಿದ್ದ ಒಂದು ಇಟ್ಟಿಗೆ ಚೂರನ್ನು, ಅದಕ್ಕೆ ಅಂಟಿಕೊಂಡಿದ್ದ ಗಾರೆ ಸಮೇತ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದೆ. ಈ ಗೋಡೆಯ ಚಿತ್ರ ಬರೆಯಬೇಕು ಅಂತ ಆವತ್ತೇ ತೀರ್ಮಾನ ಮಾಡಿದ್ದೆ.

ನಾನು ಕಲಿತ ಚಿತ್ರಗಾರ ಅಲ್ಲ. ವಾರವೆಲ್ಲ ಲೆಕ್ಕಪತ್ರದ ಕೆಲಸ, ಶನಿವಾರ ಭಾನುವಾರ ಅಕ್ರಿಲಿಕ್. ಬೆಟ್ಟ, ಕೆರೆ, ಬುಟ್ಟಿಯಲ್ಲಿಟ್ಟ ಬದನೆಕಾಯಿ, ಹೀಗೆ ಆರು ವರ್ಷ ಕಳೆದಿದ್ದೇನೆ. ಗೋಡೆ ಎಲ್ಲಕ್ಕಿಂತ ಸುಲಭ ಅಂದುಕೊಂಡಿದ್ದೆ. ಅಲುಗಾಡಲ್ಲ, ಚಪ್ಪಟೆ ಇದೆ, ಒಂದೇ ಆಕಾರ ಮತ್ತೆ ಮತ್ತೆ ಬರುತ್ತದೆ. ಇನ್ನೇನು ಬೇಕು?

18 × 24 ಇಂಚಿನ ಕ್ಯಾನ್ವಾಸ್ ತಂದೆ. ನಮ್ಮ ಕಡೆ ಇಟ್ಟಿಗೆಯ ರೂಢಿ ಅಳತೆ 9 ಇಂಚು ಉದ್ದ, ನಾಲ್ಕೂವರೆ ಅಗಲ, 3 ಎತ್ತರ. ಅಂದರೆ ಗೋಡೆಯಲ್ಲಿ ಕಾಣುವ ಮುಖದ ಉದ್ದ ಎತ್ತರದ ಮೂರು ಪಟ್ಟು. ಸ್ಕೇಲು ಪೆನ್ಸಿಲು ಹಿಡಿದು ಅದೇ ಲೆಕ್ಕದಲ್ಲಿ ಗೆರೆ ಹಾಕಿದೆ. ವರಸೆಗೆ 12ರಂತೆ 25 ವರಸೆ, ಒಟ್ಟು 300 ಇಟ್ಟಿಗೆ. ಎರಡು ವಾರಾಂತ್ಯ ಕೂತು ಒಂದೊಂದಕ್ಕೂ ಕೆಂಪು ತುಂಬಿ, ನಡುವೆ ಸಣ್ಣ ಬ್ರಷ್ಷಿನಲ್ಲಿ ಬಿಳಿ ಗೆರೆ ಎಳೆದೆ. ಮುಗಿಸಿ ದೂರ ನಿಂತು ನೋಡುತ್ತಿದ್ದಾಗ ಮಗಳು ಬಂದು ಕೇಳಿದಳು, "ಅಪ್ಪಾ, ಇದರ ಮೇಲೆ ಯಾರು ಜಂಪ್ ಮಾಡ್ತಾರೆ?"

ಅವಳು ಹೇಳಿದ್ದು ಸರಿಯಾಗಿತ್ತು. ಅದು ವಿಡಿಯೊ ಗೇಮಿನ ಗೋಡೆ.

ತಪ್ಪು ಬಣ್ಣದ್ದು ಅಂದುಕೊಂಡು, ಎಲ್ಲವೂ ಒಂದೇ ಕೆಂಪಾಗಿದೆ, ಒಂದೊಂದು ಒಂದೊಂದು ಥರ ಇರಲಿ ಅಂತ ಮೇಲೆ ಇನ್ನೊಂದು ಸುತ್ತು ಬಣ್ಣ ಹಚ್ಚಿದೆ. ಒಂದು ಕಿತ್ತಳೆ, ಒಂದು ಕಂದು, ಒಂದು ನೇರಳೆ ಕಡೆಗೆ. ಈಗ ಅದು ಜಾತ್ರೆಯಲ್ಲಿ ಗಾಜಿನ ಭರಣಿಯೊಳಗೆ ಇಟ್ಟ ಪೆಪ್ಪರಮೆಂಟಿನ ಹಾಗೆ ಕಾಣತೊಡಗಿತು. ಆ ಕ್ಯಾನ್ವಾಸನ್ನು ತಿರುಗಿಸಿ ಬೀರುವಿನ ಹಿಂದಕ್ಕೆ ಸೇರಿಸಿದೆ.

ಎರಡನೇ ಸಲ ಇಂಟರ್ನೆಟ್ ಮಾತು ಕೇಳಿದೆ. ಅಲ್ಲಿ ಎಲ್ಲರೂ ಮಾಡೋದು ಒಂದೇ. ಮಾಡೆಲಿಂಗ್ ಪೇಸ್ಟ್ ಅಂತ ಗಟ್ಟಿ ಹಿಟ್ಟಿನಂಥದ್ದು ಸಿಗುತ್ತದೆ, ಅದನ್ನು ಚಾಕುವಿನಲ್ಲಿ ದಪ್ಪಗೆ ಹಚ್ಚಿ, ಒಣಗುವ ಮುಂಚೆ ಇಟ್ಟಿಗೆ ಆಕಾರ ಕೊರೆದು, ಸ್ಪಂಜಿನಲ್ಲಿ ತಟ್ಟಿ ತರಿ ತರಿ ಮಾಡೋದು. ಅದರ ಬೆಲೆ ನೋಡಿ ನನ್ನೊಳಗಿನ ಲೆಕ್ಕಪತ್ರದವನು ಎಚ್ಚರವಾದ. ಮನೆಗೆ ಬಣ್ಣ ಹೊಡೆಸಿದಾಗ ಉಳಿದಿದ್ದ ಅರ್ಧ ಚೀಲ ವಾಲ್ ಪುಟ್ಟಿ ಇತ್ತಲ್ಲ, ಅದನ್ನೇ ಕಲಸಿ ಹಚ್ಚಿದೆ. ಒಣಗಿದಾಗ ಬಹಳ ಚೆನ್ನಾಗಿತ್ತು. ಮಾರನೇ ವಾರ ಕ್ಯಾನ್ವಾಸ್ ಎತ್ತಿ ಇನ್ನೊಂದು ಕಡೆ ಇಡುವಾಗ ಪಟಪಟ ಅಂತ ಸದ್ದು ಬಂತು. ಬಟ್ಟೆ ಬಾಗುತ್ತದೆ, ಪುಟ್ಟಿ ಬಾಗಲ್ಲ. ಅಂಗೈಯಗಲ ಹಾಳೆ ಹಾಳೆಯಾಗಿ ಬಿತ್ತು. ಉದುರುವ ಗೋಡೆಯನ್ನು ಇಷ್ಟು ನೈಜವಾಗಿ ಯಾರೂ ಮಾಡಿರಲಾರರು, ಆ ಮಾತು ಬೇರೆ.

ಮನೆಯವಳು ಬೈದ ಮೇಲೆ ದುಡ್ಡು ಕೊಟ್ಟು ಸರಿಯಾದ ಪೇಸ್ಟೇ ತಂದು, ಸ್ವಲ್ಪ ಜರಡಿ ಹಿಡಿದ ಮರಳು ಬೆರೆಸಿ ಮತ್ತೆ ಮಾಡಿದೆ. ಈ ಸಲ ಬಿರುಕು ಬಿಡಲಿಲ್ಲ, ಕೈಯಾಡಿಸಿದರೆ ಇಟ್ಟಿಗೆ ಮುಟ್ಟಿದ ಹಾಗೇ ಇತ್ತು. ಆದರೆ ಗೋಡೆಗೆ ನೇತು ಹಾಕಿದಾಗ ಏನೋ ಎಡವಟ್ಟು. ಇಟ್ಟಿಗೆ ಒಂದು ಕ್ಷಣ ಉಬ್ಬಿದ ಹಾಗೆ, ಇನ್ನೊಂದು ಕ್ಷಣ ತಗ್ಗಿದ ಹಾಗೆ. ಕಾರಣ ಗೊತ್ತಾಗೋಕೆ ಎರಡು ದಿನ ಬೇಕಾಯಿತು. ಫೋಟೊದಲ್ಲಿ ಬೆಳಗಿನ ಬಿಸಿಲು ಎಡಗಡೆಯಿಂದ ಬರುತ್ತಿತ್ತು, ನಾನು ಬಣ್ಣದಲ್ಲಿ ಹಾಕಿದ ನೆರಳೆಲ್ಲ ಅದರ ಪ್ರಕಾರವೇ ಇತ್ತು. ನಮ್ಮ ಹಾಲಿನ ಕಿಟಕಿ ಇರೋದು ಬಲಕ್ಕೆ. ಪೇಸ್ಟಿನ ಉಬ್ಬಿಗೆ ನಿಜವಾದ ನೆರಳು ಒಂದು ಕಡೆ ಬೀಳುತ್ತಿತ್ತು, ಬಣ್ಣದ ನೆರಳು ಇನ್ನೊಂದು ಕಡೆ. ಎರಡೂ ಜಗಳ ಆಡುತ್ತಿದ್ದವು. ಯಾವುದನ್ನು ನಂಬಬೇಕು ಅಂತ ಕಣ್ಣಿಗೆ ಗೊತ್ತಾಗದೆ ಒದ್ದಾಡುತ್ತಿತ್ತು. ಈ ತೊಂದರೆಯನ್ನು ನಾನು ನೋಡಿದ ಯಾವ ವಿಡಿಯೊದಲ್ಲೂ ಯಾರೂ ಹೇಳಿರಲಿಲ್ಲ. ಅಲಂಕಾರಕ್ಕೆ ಮಾಡೋರಿಗೆ ಇದು ಲೆಕ್ಕಕ್ಕಿಲ್ಲ, ಅವರು ನೆರಳು ಬರೆಯೋದೇ ಇಲ್ಲ. ಗೋಡೆಯ ಮೇಲಿನ ಬಿಸಿಲು ಬೇಕು ಅನ್ನೋರಿಗೆ ದಪ್ಪ ಪೇಸ್ಟ್ ಶತ್ರು. ಇದು ನನ್ನ ಅಭಿಪ್ರಾಯ, ಬೇರೆಯವರಿಗೆ ಬೇರೆ ಇರಬಹುದು.

ಅಷ್ಟರಲ್ಲಿ ಎದುರು ಸೈಟಿನಲ್ಲಿ ಮನೆ ಕಟ್ಟೋಕೆ ಶುರು ಮಾಡಿದ್ದರು. ಅಲ್ಲಿನ ಮೇಸ್ತ್ರಿ ಒಂದು ಮಧ್ಯಾಹ್ನ ಕುಡಿಯೋ ನೀರಿಗೆ ಬಂದರು. ಐವತ್ತೈದು ಅರವತ್ತು ವಯಸ್ಸಿರಬಹುದು. ನಾನು ಮೊದಲನೇ ಕ್ಯಾನ್ವಾಸನ್ನು ಮತ್ತೆ ಹೊರಗೆ ತೆಗೆದು ಬಾಗಿಲ ಹತ್ತಿರ ಒರಗಿಸಿದ್ದೆ. ಬಾಟಲಿ ತುಂಬುವವರೆಗೂ ಅವರು ಅದನ್ನೇ ನೋಡುತ್ತಿದ್ದರು.

"ಕಾಂಪೌಂಡಾ ಸಾರ್?"

"ಅಲ್ಲ ಮೇಸ್ತ್ರಿ, ಮನೆ ಗೋಡೆ. ನಮ್ಮ ತಾತನ ಮನೆ."

"ಮನೆ ಗೋಡೆ ಹಿಂಗಿರಲ್ಲ ಸಾರ್. ಇದು ನಾಲ್ಕೂವರೆ ಇಂಚು. ಇದರ ಮೇಲೆ ಸೂರು ಹೆಂಗೆ ಕೂರಿಸ್ತೀರಾ?"

ನನಗೆ ಅರ್ಥವಾಗಲಿಲ್ಲ. ಕ್ಯಾನ್ವಾಸಿನಲ್ಲಿ ಗೋಡೆಯ ದಪ್ಪ ಇವರಿಗೆ ಹೇಗೆ ಗೊತ್ತಾಯಿತು? ಫೋನಿನಲ್ಲಿದ್ದ ಫೋಟೊ ತೋರಿಸಿದೆ. ಅವರು ಎರಡು ಬೆರಳಲ್ಲಿ ದೊಡ್ಡದು ಮಾಡಿ, "ನೋಡಿ, ಒಂದು ವರಸೆ ಉದ್ದಕ್ಕೆ, ಮೇಲಿನ ವರಸೆ ಅಡ್ಡಕ್ಕೆ. ಒಂಬತ್ತಿಂಚು ಗೋಡೆ ಹಿಂಗೇ ಕಟ್ಟೋದು. ನೀವು ಎಲ್ಲ ಉದ್ದಕ್ಕೇ ಇಟ್ಟಿದ್ದೀರ" ಅಂದರು. ಆಮೇಲೆ ನೀರು ಕುಡಿದು, "ಈಗ ಇದೆಲ್ಲ ಯಾರು ಕೇಳ್ತಾರೆ ಸಾರ್, ಸಾಲಿಡ್ ಬ್ಲಾಕ್ ಬಂದ್ಮೇಲೆ" ಅಂತ ಹೇಳಿ ಹೋದರು.

ಅವರು ಹೋದ ಮೇಲೆ ಫೋಟೊಗಳನ್ನೆಲ್ಲ ಮತ್ತೆ ನೋಡಿದೆ. ಹೌದು. ಒಂದು ವರಸೆಯಲ್ಲಿ ಒಂಬತ್ತಿಂಚಿನ ಉದ್ದ ಮುಖ, ಅದರ ಮೇಲಿನ ವರಸೆಯಲ್ಲಿ ಗೋಡೆಯ ದಪ್ಪಕ್ಕೆ ಅಡ್ಡ ಇಟ್ಟ ಇಟ್ಟಿಗೆಯ ನಾಲ್ಕೂವರೆ ಇಂಚಿನ ತುದಿ ಮಾತ್ರ. ಮತ್ತೆ ಉದ್ದ, ಮತ್ತೆ ಗಿಡ್ಡ. ಇಂಜಿನಿಯರುಗಳು ಇದಕ್ಕೆ ಇಂಗ್ಲಿಷ್ ಬಾಂಡ್ ಅನ್ನುತ್ತಾರೆ. ಒಂದೇ ವರಸೆಯಲ್ಲಿ ಉದ್ದ ಗಿಡ್ಡ ಉದ್ದ ಗಿಡ್ಡ ಬಂದರೆ ಅದು ಫ್ಲೆಮಿಶ್ ಬಾಂಡ್. ಬರೀ ಉದ್ದವೇ ಇದ್ದರೆ ಅದು ಅರ್ಧ ಇಟ್ಟಿಗೆ ದಪ್ಪದ ಗೋಡೆ, ಮೇಸ್ತ್ರಿ ಹೇಳಿದ ನಾಲ್ಕೂವರೆ. ಗಾರೆಯ ನೇರ ಸಂದು ಒಂದರ ಮೇಲೊಂದು ಬರಬಾರದು ಅಂತ ಮೂಲೆಯ ಹತ್ತಿರ ಒಂದು ಕಾಲು ಚೂರು ಕೂಡ ಸೇರಿಸಿರುತ್ತಾರೆ, ಅದೂ ಫೋಟೊದಲ್ಲಿತ್ತು. ನಲವತ್ತು ಫೋಟೊ ಹೊಡೆದು, ವಾರಗಟ್ಟಲೆ ಅದನ್ನೇ ದಿಟ್ಟಿಸಿ, 300 ಇಟ್ಟಿಗೆ ಬರೆದವನಿಗೆ ಇಷ್ಟು ಕಂಡಿರಲಿಲ್ಲ. ನಾನು ಬರೆದದ್ದು ನನ್ನ ತಲೆಯೊಳಗಿದ್ದ ಗೋಡೆಯನ್ನ.

ಅಲ್ಲಿಂದ ಎಲ್ಲಿ ಹೋದರೂ ಇಟ್ಟಿಗೆ ನೋಡೋ ಹುಚ್ಚು ಹಿಡಿಯಿತು. ಹಂಪಿಗೆ ಹೋಗಿದ್ದಾಗ ವಿಠ್ಠಲ ದೇವಸ್ಥಾನದಲ್ಲಿ ಎಲ್ಲರೂ ಕಲ್ಲಿನ ರಥದ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರೆ ನಾನು ಅದಕ್ಕೆ ಬೆನ್ನು ಹಾಕಿ ಗೋಪುರ ನೋಡುತ್ತಾ ನಿಂತಿದ್ದೆ. ಕೆಳಗೆ ಕಲ್ಲು, ಮೇಲೆ ಇಟ್ಟಿಗೆ, ಗಾರೆ ಉದುರಿದ ಕಡೆಯೆಲ್ಲ ವರಸೆ ವರಸೆಯಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ ಇಟ್ಟಿಗೆ ಕೆಂಪು ಅಂದರೆ ಜನ ಅಠಾರ ಕಚೇರಿ ತೋರಿಸುತ್ತಾರೆ. ಅದು ಬಳಿದ ಕೆಂಪು, ಇಟ್ಟಿಗೆಯ ಕೆಂಪು ಬೇರೆ.

ಇಟ್ಟಿಗೆಯ ಕೆಂಪು ಬೆಂಕಿಯದ್ದು. ಮಾಲೂರು ಮೊದಲಿನಿಂದಲೂ ಇಟ್ಟಿಗೆಗೆ ಹೆಂಚಿಗೆ ಹೆಸರು. ಸಣ್ಣವನಿದ್ದಾಗ ಕೆರೆ ಕಡೆ ಇಟ್ಟಿಗೆ ಕುಯ್ಯೋದನ್ನ ನೋಡೋಕೆ ಹೋಗುತ್ತಿದ್ದೆವು. ಮರದ ಅಚ್ಚು, ತಳಕ್ಕೆ ಒಂದು ಹಿಡಿ ಮರಳು, ಮೆತ್ತಿದ ಮಣ್ಣು, ಪಟ್ಟನೆ ಮಗುಚಿ ಹಾಕಿದರೆ ಒಂದು ಇಟ್ಟಿಗೆ. ಒಣಗಿದ ಮೇಲೆ ಗೂಡು ಜೋಡಿಸಿ ಬೆಂಕಿ ಹಾಕುತ್ತಾರೆ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಗಾಳಿ ಚೆನ್ನಾಗಿ ಸಿಕ್ಕ ಕಡೆ ಕೆಂಪಾಗುತ್ತದೆ, ಗಾಳಿ ಸಾಲದ ಕಡೆ ಕಪ್ಪಿಗೆ ತಿರುಗುತ್ತದೆ. ಗೂಡಿನ ಹೊರಮೈಯಲ್ಲಿ ಇದ್ದವು ಅರೆಬೆಂದು ಮಾಸಲು ಕಿತ್ತಳೆ, ಬೆಂಕಿಯ ಬಾಯಿಗೆ ಸಿಕ್ಕವು ಕಪ್ಪಾಗಿ ಸೊಟ್ಟ ತಿರುಗಿರುತ್ತವೆ. ಬಹುಪಾಲು ನಡುವಿನವು, ಒಂದಕ್ಕೊಂದು ಹೆಚ್ಚು ವ್ಯತ್ಯಾಸ ಇಲ್ಲದವು. ನನ್ನ ಪೆಪ್ಪರಮೆಂಟ್ ಗೋಡೆ ಎಲ್ಲಿ ಕೆಟ್ಟಿತ್ತು ಅಂತ ಇಲ್ಲಿ ಗೊತ್ತಾಯಿತು. ಹತ್ತರಲ್ಲಿ ಏಳೆಂಟು ಇಟ್ಟಿಗೆ ಅಕ್ಕತಂಗಿಯರ ಹಾಗೆ ಇರಬೇಕು, ಒಂದು ಬಿಳಿಚಿಕೊಂಡಿರಬಹುದು, ಅಪರೂಪಕ್ಕೆ ಒಂದು ಕಪ್ಪು.

ಬಣ್ಣದ ಟ್ಯೂಬಿನಲ್ಲಿ ಇರೋದೂ ಇದೇ ಕಥೆ. ಇಟಲಿಯ ಸಿಯೆನಾ ಊರಿನ ಹೆಸರು ಹೊತ್ತ ಹಳದಿ ಮಣ್ಣನ್ನು ಸುಟ್ಟರೆ ಬರ್ನ್ಟ್ ಸಿಯೆನ್ನಾ. ಹೆಸರಲ್ಲೇ ಸುಟ್ಟದ್ದು ಅಂತ ಇದೆ. ಈಗ ಎಷ್ಟೋ ಟ್ಯೂಬುಗಳಲ್ಲಿ ಕಾರ್ಖಾನೆಯಲ್ಲಿ ಮಾಡಿದ ಐರನ್ ಆಕ್ಸೈಡ್ ಇರುತ್ತದೆ, ಆದರೂ ಕುಲ ಒಂದೇ. ಅಜ್ಜಿ ಗೋಡೆಯ ಬುಡಕ್ಕೆ ಜಾಜು ಬಳಿಯುತ್ತಿದ್ದರಲ್ಲ, ಅದೂ ಇದೇ ಕುಲ. ಹಾಗಾಗಿ ಇಟ್ಟಿಗೆಗೆ ಅಂತ ಹತ್ತು ಬಣ್ಣ ಕೊಳ್ಳೋದು ದಂಡ. ಬರ್ನ್ಟ್ ಸಿಯೆನ್ನಾ, ಯೆಲ್ಲೊ ಓಕರ್, ಇಂಡಿಯನ್ ರೆಡ್, ಬಿಳಿ. ಕಪ್ಪು ಬೇಕಾದ ಕಡೆ ಬರ್ನ್ಟ್ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ನೀಲಿ ಸೇರಿಸಿದರೆ ಸಾಕು, ಕಪ್ಪು ಟ್ಯೂಬು ಮುಟ್ಟೋದೇ ಬೇಡ. ಅಕ್ರಿಲಿಕ್ ಒಣಗಿದರೆ ಒಂದು ಹದ ಕಪ್ಪಾಗುತ್ತದೆ ಅನ್ನೋದು ಮಾತ್ರ ನೆನಪಿರಲಿ.

ಈಗ ಗಾರೆಯ ವಿಷಯ. ನನ್ನ ಚಿತ್ರ ನಿಂತಿದ್ದು ಇಲ್ಲಿ.

ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದ ಚೂರನ್ನು ಒಂದು ಬೆಳಿಗ್ಗೆ ಬಾಲ್ಕನಿಯ ಬಿಸಿಲಲ್ಲಿಟ್ಟು ನೋಡಿದೆ. ಗಾರೆ ಬಿಳಿ ಇರಲಿಲ್ಲ, ಬೂದು ಬಣ್ಣವೂ ಇರಲಿಲ್ಲ. ತಿಳಿ ಗುಲಾಬಿ. ಅರಳಿದ ಸುಣ್ಣದ ಬಿಳಿ ಹರಳು ಅಲ್ಲೊಂದು ಇಲ್ಲೊಂದು, ಮಧ್ಯೆ ಮರಳಿನ ಕಾಳು, ಮಿಕ್ಕಿದ್ದೆಲ್ಲ ಕೆಂಪು ಪುಡಿ. ಉಗುರಲ್ಲಿ ಕೆರೆದರೆ ಬೆರಳಿಗೆ ಕೆಂಪು ಹತ್ತಿತು. ಅದು ಸುರ್ಕಿ. ಸಿಮೆಂಟ್ ಬರುವ ಮುಂಚೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿ ಅರೆದು ಗಾರೆ ಮಾಡುತ್ತಿದ್ದರು. ಬರೀ ಸುಣ್ಣದ ಗಾರೆಗಿಂತ ಇದು ಗಟ್ಟಿ, ನೀರಿಗೂ ತಡೆಯುತ್ತದೆ. ಕನ್ನಂಬಾಡಿ ಕಟ್ಟೆಯನ್ನೇ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ನಮ್ಮ ತಾತನ ಹಿತ್ತಿಲ ಗೋಡೆ ಯಾವ ಲೆಕ್ಕ.

ಅಂದರೆ ಇಟ್ಟಿಗೆ ಇಟ್ಟಿಗೆಯ ನಡುವೆ ಇರೋದೂ ಇಟ್ಟಿಗೆಯೇ. ನಾನು ಟ್ಯೂಬಿನಿಂದ ಸೀದಾ ಬಿಳಿ ತೆಗೆದು ಗೆರೆ ಎಳೆದಾಗ ಗೋಡೆ 300 ಚೂರಾಗಿ ಒಡೆದು ಹೋಗಿತ್ತು. ಇಟ್ಟಿಗೆಗೆ ಕಲಸಿದ ಬಣ್ಣವನ್ನೇ ಸ್ವಲ್ಪ ಗಾರೆಯ ಬಣ್ಣಕ್ಕೆ ಹಾಕಿದರೆ ಗೋಡೆ ಒಂದಾಗುತ್ತದೆ. ಇದು ನಿಮಗೆ ಸಣ್ಣ ವಿಷಯ ಅನ್ನಿಸಬಹುದು. ನನಗೆ ನಾಲ್ಕು ತಿಂಗಳು ಹಿಡಿಯಿತು.

ಉತ್ಸಾಹ ಜಾಸ್ತಿಯಾಗಿ, ಆ ಚೂರಿನ ಅರ್ಧ ಭಾಗ ಒಡೆದು ಅಮ್ಮನ ಹಳೇ ಕುಟ್ಟಾಣಿಯಲ್ಲಿ ಕುಟ್ಟಿದೆ. ಅಮ್ಮ ಊರಿಗೆ ಹೋಗಿದ್ದರು, ಬಂದ ಮೇಲೆ ಏಲಕ್ಕಿ ಕುಟ್ಟೋಕೆ ತೆಗೆದು ನೋಡಿದಾಗ ಆದ ಮಾತುಕತೆ ಇಲ್ಲಿ ಬೇಡ. ಪುಡಿಯನ್ನು ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ಅಕ್ರಿಲಿಕ್ ಮೀಡಿಯಮ್ಮಿಗೆ, ಅಂದರೆ ಬಣ್ಣ ಬೆರೆಸದ ಅಕ್ರಿಲಿಕ್ ಅಂಟಿಗೆ, ಕಲಸಿದೆ. ತೆಳ್ಳಗೆ ಹಚ್ಚಿದರೆ ಬಿರುಕು ಬಿಡಲ್ಲ, ಉಬ್ಬಿ ನೆರಳು ಬೀಳಿಸೋದಿಲ್ಲ, ಆದರೆ ಕ್ಯಾನ್ವಾಸಿನ ನಯ ಹೋಗಿ ಸಣ್ಣ ತರಿ ಬರುತ್ತದೆ. ಅದಕ್ಕೆ ಬಿಳಿ, ಒಂಚೂರು ರಾ ಅಂಬರ್ ಅನ್ನೋ ಕಂದು ಬಣ್ಣ ಸೇರಿಸಿ ಮೂರನೇ ಕ್ಯಾನ್ವಾಸಿಗೆ ಪೂರ್ತಿ ಬಳಿದೆ. ಇಟ್ಟಿಗೆಯ ಒಂದು ಗೆರೆಯೂ ಇಲ್ಲ, ಬರೀ ಗಾರೆ.

ಆಮೇಲೆ ಕೆಳಗಿನಿಂದ ಮೇಲಕ್ಕೆ ಕಟ್ಟುತ್ತಾ ಹೋದೆ. ಅರ್ಧ ಇಂಚಿನ ಚಪ್ಪಟೆ ಬ್ರಷ್, ಒಂದು ಎಳೆತಕ್ಕೆ ಒಂದು ಇಟ್ಟಿಗೆ, ನಡುವೆ ಬಿಟ್ಟ ಸಂದೇ ಗಾರೆ. ಒಂದು ವರಸೆ ಉದ್ದ, ಒಂದು ವರಸೆ ಗಿಡ್ಡ. ಸ್ಕೇಲ್ ಹಿಡಿಯಲಿಲ್ಲ, ವರಸೆಗೊಂದು ಪೆನ್ಸಿಲ್ ಗೆರೆ ಮಾತ್ರ, ಮೇಸ್ತ್ರಿಗಳು ದಾರ ಕಟ್ಟುತ್ತಾರಲ್ಲ ಹಾಗೆ. ಬ್ರಷ್ಷಿನ ಬಣ್ಣ ಮುಗಿಯುತ್ತಾ ಬಂದಾಗ ಇಟ್ಟಿಗೆಯ ಒಂದು ತುದಿ ಒಣಗಿದ ಹಾಗೆ ತರಿ ತರಿ ಬರುತ್ತದೆ, ಅದನ್ನು ತಿದ್ದೋಕೆ ಹೋಗಬಾರದು, ಅದೇ ಬೇಕಾಗಿದ್ದದ್ದು.

ಬೆಳಕು ಎಡ ಮೇಲಿಂದ. ಹಾಗಾಗಿ ಪ್ರತಿ ಇಟ್ಟಿಗೆಯ ಕೆಳಗೆ ಗಾರೆಯ ಮೇಲೆ ಸಣ್ಣ ನೆರಳಿನ ಗೆರೆ, ನಿಂತ ಸಂದಿನಲ್ಲಿ ಎಡ ಅಂಚಿಗೆ ಇನ್ನೊಂದು. ಗಾರೆ ಒಳಕ್ಕೆ ಹೋಗಿದೆ ಅಂತ ಕಣ್ಣಿಗೆ ಹೇಳೋದು ಈ ನೆರಳೇ. ಇಟ್ಟಿಗೆಯ ಮೇಲಂಚಿಗೆ ಅಲ್ಲಲ್ಲಿ, ಎಲ್ಲ ಕಡೆ ಅಲ್ಲ, ತಿಳಿ ಬಣ್ಣದ ಒಂದು ತಾಗು. ಕೊನೆಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ನೀರು ಬಣ್ಣ ಚಿಮುಕಿಸಿದ್ದು, ಬುಡದಲ್ಲಿ ಉಪ್ಪು ಬಿಟ್ಟ ಕಡೆ ಬಹುತೇಕ ಒಣ ಬ್ರಷ್ಷಿನಲ್ಲಿ ಬಿಳಿ ಉಜ್ಜಿದ್ದು, ಸೂರಿನ ಕೆಳಗೆ ಹೊಗೆಗೆ ತೆಳು ಕಪ್ಪು ನೀರು ಓಡಿಸಿದ್ದು.

ಅರ್ಧಕ್ಕೆ ಬಂದಾಗ ಒಂದು ಪ್ರಶ್ನೆ ಎದ್ದಿತು. ಎಲ್ಲ ಇಟ್ಟಿಗೆಗೂ ಇಷ್ಟೇ ಶ್ರಮ ಹಾಕಬೇಕಾ? ಇದಕ್ಕೆ ಹಿಂದಿನ ಕಾಲದ ಇಬ್ಬರು ಡಚ್ ಚಿತ್ರಗಾರರ ಹತ್ತಿರ ಎರಡು ಉತ್ತರ ಇದೆ. ಯಾನ್ ವಾನ್ ಡೆರ್ ಹೈಡೆನ್ (1637–1712) ಎಂಬ ಮಹಾಶಯ ಬರೆದ ಮನೆಗಳಲ್ಲಿ ಇಟ್ಟಿಗೆ ಎಣಿಸಬಹುದು ಅನ್ನುವ ಹಾಗಿರುತ್ತದೆ. ಆಮ್‌ಸ್ಟರ್‌ಡ್ಯಾಮಿಗೆ ಬೀದಿ ದೀಪದ ಯೋಜನೆ ಹಾಕಿಕೊಟ್ಟದ್ದೂ ಇವನೇ, 1672ರಲ್ಲಿ ಅಣ್ಣತಮ್ಮ ಸೇರಿ ಬೆಂಕಿ ಆರಿಸುವ ಪಂಪಿಗೆ ಉದ್ದದ ಕೊಳವೆ ಜೋಡಿಸಿದ್ದೂ ಇವನೇ. ಅಂಥ ಇಂಜಿನಿಯರ್ ತಲೆ ಇದ್ದವನು ಒಂದು ಇಟ್ಟಿಗೆಯನ್ನೂ ಬಿಡದಿರೋದು ಸಹಜ. ಇನ್ನೊಬ್ಬ ವರ್ಮೀರ್. 1658ರ ಆಸುಪಾಸಿನಲ್ಲಿ ಅವನು ಡೆಲ್ಫ್ಟ್ ಊರಿನ ಒಂದು ಬೀದಿ ಬರೆದಿದ್ದಾನೆ, ಈಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ. 54 × 44 ಸೆಂಟಿಮೀಟರ್, ನನ್ನ ಕ್ಯಾನ್ವಾಸಿಗಿಂತ ಸ್ವಲ್ಪ ಸಣ್ಣದು. ಮ್ಯೂಸಿಯಂನವರು ದೊಡ್ಡ ಫೋಟೊ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ, ನಾನು ರಾತ್ರಿ ಹನ್ನೊಂದಕ್ಕೆ ಕೂತು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಗೋಡೆಯಲ್ಲಿ ಬಿರುಕು ಬಿಟ್ಟು ತೇಪೆ ಹಾಕಿದ್ದು ಕೂಡ ಇದೆ. ಆದರೆ ಗಾರೆಯ ಗೆರೆ ಕೆಲವು ಕಡೆ ಇದೆ, ಕೆಲವು ಕಡೆ ಮಾಯ. ಮಾಯವಾದ ಕಡೆಯೂ ನಮ್ಮ ಕಣ್ಣು ಇಟ್ಟಿಗೆ ಜೋಡಿಸಿಕೊಂಡು ಬಿಡುತ್ತದೆ.

ಆ ಮನೆ ಯಾವುದು ಅಂತ ಬಹಳ ಕಾಲ ವಾದ ಇತ್ತು. 2015ರಲ್ಲಿ ಫ್ರಾನ್ಸ್ ಗ್ರೈಜೆನ್‌ಹೌಟ್ ಎಂಬ ಪ್ರೊಫೆಸರ್ 1667ರ ಕಾಲುವೆ ತೆರಿಗೆಯ ಲೆಕ್ಕದ ಪುಸ್ತಕದಿಂದ ಮನೆಗಳ ಅಗಲ ಹುಡುಕಿ, ಅದು ಇವತ್ತಿನ ಫ್ಲಾಮಿಂಗ್‌ಸ್ಟ್ರಾಟ್ 40-42 ಅಂದರು. ಬಲಗಡೆಯ ಮನೆ ವರ್ಮೀರನ ಸೋದರತ್ತೆಯದಂತೆ. ಆಕೆ ಬೋಟಿ ಮಾರಿ ಸಂಸಾರ ಸಾಗಿಸುತ್ತಿದ್ದರಂತೆ. ಇದನ್ನು ಓದಿ ನನಗೆ ವಿಪರೀತ ಖುಷಿಯಾಯಿತು, ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಾನು ವರ್ಮೀರನ ಪಕ್ಷ ಸೇರಿದೆ. ಸೋಮಾರಿತನಕ್ಕೂ ಅದೇ ಅನುಕೂಲ. ಬಿಸಿಲು ಬಿದ್ದ ಜಾಗದಲ್ಲಿ ಒಂದು ಇಪ್ಪತ್ತು ಇಟ್ಟಿಗೆ ಪೂರ್ತಿ ಕೆಲಸ, ಒಡೆದ ಮೂಲೆ, ತೂತು ಎಲ್ಲ. ಅಂಚಿಗೆ ಹೋದ ಹಾಗೆ ಗೆರೆ ಕರಗುತ್ತಾ, ಹೊಗೆಯ ಕಪ್ಪಿನಲ್ಲಿ ಬರೀ ಬಣ್ಣ.

ಫೆಬ್ರವರಿಯಲ್ಲಿ ಚಿಕ್ಕಪ್ಪ ಬೆಂಗಳೂರಿಗೆ ಕಣ್ಣು ತೋರಿಸೋಕೆ ಬಂದವರು ನಮ್ಮ ಮನೆಯಲ್ಲೇ ಉಳಿದರು. ಚಿತ್ರ ಹಾಲಿನಲ್ಲಿತ್ತು. ಕಾಫಿ ಲೋಟ ಹಿಡಿದುಕೊಂಡು ಹತ್ತಿರ ಹೋಗಿ ನೋಡಿದರು, ದೂರ ಬಂದು ನೋಡಿದರು.

"ನಮ್ಮ ಹಿತ್ತಿಲು."

"ಹೂಂ ಚಿಕ್ಕಪ್ಪ."

"ಮೊಳೆ ಎಲ್ಲೋ?"

"ಯಾವ ಮೊಳೆ?"

"ಇಲ್ಲಿತ್ತಲ್ಲೋ, ನಿಮ್ಮ ತಾತ ಹೊಡೆದಿದ್ದು. ಹಸು ಹಗ್ಗ ನೇತು ಹಾಕೋಕೆ." ಎಡಗಡೆ ಮೇಲೆ ಒಂದು ಕಡೆ ಬೆರಳಿಟ್ಟರು.

ಫೋಟೊ ತೆಗೆದು ನೋಡಿದೆ. ಇತ್ತು. ಅರ್ಧ ಗೇಣಿನ ತುಕ್ಕು ಹಿಡಿದ ಮೊಳೆ, ಅದರ ಕೆಳಗೆ ಮೂರು ವರಸೆ ಉದ್ದಕ್ಕೂ ತುಕ್ಕಿನ ಕಲೆ ಇಳಿದಿತ್ತು. ಅದನ್ನು ನಾನು ನೋಡಿರಲಿಲ್ಲ ಅಂತಲ್ಲ, ಗೋಡೆಗೆ ಸಂಬಂಧ ಇಲ್ಲದ್ದು ಅಂತ ಬಿಟ್ಟಿದ್ದೆ. ಸಿಮೆಂಟ್ ವಿಷಯಕ್ಕೂ ಬಾಯಿ ಹಾಕಿದೆ. ಸುಣ್ಣದ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವಕ್ಕೆ ಹೊರಗೆ ಹೋಗೋಕೆ ದಾರಿ ಇರಲ್ಲ, ಇನ್ನೂ ಮೇಲಕ್ಕೆ ಏರುತ್ತೆ, ಸುಣ್ಣದ ಗಾರೆಯನ್ನೇ ಮಾಡಿಸಿ ಅಂತ. "ಮಾಡೋರು ಯಾರಿದ್ದಾರೆ ಹೇಳು" ಅಂದರು. ಎದುರು ಸೈಟಿನ ಮೇಸ್ತ್ರಿಯ ನಂಬರ್ ಕೊಟ್ಟಿದ್ದೇನೆ. ಇಬ್ಬರೂ ಮಾತಾಡಿದ್ದಾರೋ ಇಲ್ಲವೋ.

ಆ ಭಾನುವಾರ ಚಿಕ್ಕಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುವಾಗ ಮೊಳೆ ಬರೆದೆ. ಮೊಳೆಗೆ ಎರಡು ನಿಮಿಷ. ಅದರ ನೆರಳಿಗೆ ಮುಕ್ಕಾಲು ಗಂಟೆ ಹಿಡಿಯಿತು, ಯಾಕೆಂದರೆ ಅದು ಇಟ್ಟಿಗೆಯ ಮೇಲೆ ಓರೆಯಾಗಿ ಇಳಿದು, ಗಾರೆಯ ಸಂದಿಗೆ ಬಂದಾಗ ಒಳಕ್ಕೆ ಜಾರಿ ಮುರಿದು, ಮತ್ತೆ ಕೆಳಗಿನ ಇಟ್ಟಿಗೆ ಹತ್ತಬೇಕು. "ಇನ್ನೂ ಸ್ವಲ್ಪ ಉದ್ದ" ಅಂದರು ಚಿಕ್ಕಪ್ಪ, "ಹಾಲು ಕರೆಯೋ ಹೊತ್ತಲ್ವಾ."